ಶ್ವಾಸಕೋಶ ನೋವು ಹೇಳುವುದಿಲ್ಲ: ಕ್ಯಾನ್ಸರ್ ಬಾರದಂತೆ, ಬಂದರೂ ಬೇಗ ಸಿಗುವಂತೆ ಏನು ಮಾಡಬೇಕು

ಹಲ್ಲಲ್ಲಿ ಸಾಸಿವೆಯಷ್ಟು ಹುಳುಕಾದರೂ ರಾತ್ರಿಯೆಲ್ಲಾ ನಿದ್ದೆ ಕೆಡುತ್ತದೆ. ಉಗುರಿನ ಸಂದಿಗೆ ಸಿಬರು ಹೊಕ್ಕರೆ ಅದನ್ನು ತೆಗೆಯುವ ತನಕ ಬೇರೆ ಕೆಲಸ ಸಾಗುವುದಿಲ್ಲ. ಶ್ವಾಸಕೋಶ ಹಾಗಲ್ಲ. ಅದರ ಒಳಭಾಗಕ್ಕೆ ನೋವು ಅಂದರೆ ಏನೆಂದೇ ಗೊತ್ತಿಲ್ಲ ಅನ್ನಬಹುದು. ನೋವು ತಿಳಿಯುವುದು ಎದೆಗೂಡಿನ ಒಳಮೈಗೆ ಅಂಟಿಕೊಂಡಿರುವ ಪೊರೆಗೆ. ಗಡ್ಡೆ ಬೆಳೆದು ಬೆಳೆದು ಆ ಪೊರೆಯನ್ನೋ ಪಕ್ಕೆಲುಬನ್ನೋ ಮುಟ್ಟಿದ ಮೇಲೆ ನಮಗೆ ಸುದ್ದಿ ಬರುತ್ತದೆ. ಅಷ್ಟರಲ್ಲಿ ಎಷ್ಟೋ ಸಲ ಅದು ಬೇರೆ ಕಡೆಗೂ ಹರಡಿರುತ್ತದೆ.

"ನಂಗೇನೂ ಆಗಿಲ್ಲ, ಮೂರು ಮಹಡಿ ಹತ್ತಿದ್ರೂ ದಮ್ಮು ಬರಲ್ಲ" ಎಂಬ ಮಾತಿಗೆ ಈ ಕಾಯಿಲೆಯಲ್ಲಿ ಬೆಲೆ ಇಲ್ಲದಿರುವುದು ಅದಕ್ಕೇ. 2022ರಲ್ಲಿ ಜಗತ್ತಿನಲ್ಲಿ ಸುಮಾರು 25 ಲಕ್ಷ ಜನರಿಗೆ ಹೊಸದಾಗಿ ಶ್ವಾಸಕೋಶದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅದೇ ವರ್ಷ ಸುಮಾರು 18 ಲಕ್ಷ ಜನ ಅದರಿಂದ ತೀರಿಕೊಂಡರು. ಬೇರೆ ಯಾವ ಕ್ಯಾನ್ಸರ್ ಕೂಡ ಇಷ್ಟು ಜನರನ್ನು ಬಲಿ ತೆಗೆದುಕೊಳ್ಳುವುದಿಲ್ಲ. ದೇಹ ತಾನಾಗಿ ಹೇಳುವುದಿಲ್ಲ ಅಂದಮೇಲೆ ಲೆಕ್ಕ ನಾವೇ ಇಡಬೇಕು. ಒಂದು ಚೀಟಿ, ಒಂದು ಪೆನ್ನು ಹತ್ತಿರ ಇಟ್ಟುಕೊಂಡು ಓದಿ. ಅಲ್ಲಲ್ಲಿ ಬರೆದುಕೊಳ್ಳಬೇಕಾಗುತ್ತದೆ.

1. ಸೇದಿದ್ದನ್ನು ಲೆಕ್ಕ ಹಾಕಿ

ಈ ಕ್ಯಾನ್ಸರ್ ಬಂದವರಲ್ಲಿ 100ಕ್ಕೆ ಸುಮಾರು 85 ಜನರ ವಿಷಯದಲ್ಲಿ ಕಾರಣ ತಂಬಾಕಿನ ಹೊಗೆ. ಹಾಗಾಗಿ ಮೊದಲ ಲೆಕ್ಕ ಅದರದ್ದೇ. ವೈದ್ಯರು ಬಳಸುವ ಅಳತೆಗೆ 'ಪ್ಯಾಕ್-ವರ್ಷ' ಅನ್ನುತ್ತಾರೆ. ಒಂದು ಪ್ಯಾಕ್ ಅಂದರೆ 20 ಸಿಗರೇಟು ಎಂದು ಹಿಡಿಯಿರಿ. ನಿಮ್ಮ ಜೇಬಿನ ಪ್ಯಾಕಿನಲ್ಲಿ 10 ಇದ್ದರೂ ಲೆಕ್ಕಕ್ಕೆ 20. ದಿನಕ್ಕೆ ಎಷ್ಟು ಪ್ಯಾಕ್ ಅನ್ನುವುದನ್ನು ಎಷ್ಟು ವರ್ಷ ಅನ್ನುವುದರಿಂದ ಗುಣಿಸಿ. ದಿನಕ್ಕೆ 10ರಂತೆ 30 ವರ್ಷ ಸೇದಿದ್ದರೆ ಅರ್ಧ ಪ್ಯಾಕ್ ಗುಣಿಸು 30, ಅಂದರೆ 15. ನನ್ನದನ್ನೂ ಹೇಳಿಬಿಡುತ್ತೇನೆ: ದಿನಕ್ಕೆ 15ರಂತೆ 11 ವರ್ಷ. ಸುಮಾರು 8 ಪ್ಯಾಕ್-ವರ್ಷ. ಬಿಟ್ಟು ಬಹಳ ಕಾಲವಾಯಿತು, ಆದರೂ ಆ 8 ಅಳಿಸಿ ಹೋಗುವುದಿಲ್ಲ. ಬೀಡಿ, ಹುಕ್ಕಾ ಸೇದುವವರಿಗೆ ಈ ಗುಣಾಕಾರ ಸರಿಯಾಗಿ ಹೊಂದುವುದಿಲ್ಲ. ದಿನಕ್ಕೆ ಎಷ್ಟು, ಎಷ್ಟು ವರ್ಷ ಎಂದು ಹಾಗೇ ಬರೆದಿಡಿ.

ಇಲ್ಲಿ ಎಲ್ಲರೂ ತಮಗೇ ಸುಳ್ಳು ಹೇಳಿಕೊಳ್ಳುತ್ತಾರೆ. "ದಿನಕ್ಕೆ ನಾಲ್ಕೈದು ಅಷ್ಟೇ" ಎಂದು ನಾನೂ ಹೇಳುತ್ತಿದ್ದೆ. ಸೇದಿದ್ದನ್ನು ಎಣಿಸಬೇಡಿ, ವಾರಕ್ಕೆ ಕೊಂಡ ಪ್ಯಾಕ್ ಎಣಿಸಿ. ನಿಜ ಹೊರಗೆ ಬರುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿಲ್ಲ. ದಿನಕ್ಕೆ 40ರಂತೆ 10 ವರ್ಷ ಸೇದಿದವರದ್ದೂ, 10ರಂತೆ 40 ವರ್ಷ ಸೇದಿದವರದ್ದೂ ಕಾಗದದ ಮೇಲೆ ಒಂದೇ, 20 ಪ್ಯಾಕ್-ವರ್ಷ. ಆದರೆ ಅಪಾಯ ಜಾಸ್ತಿ ಇರುವುದು ಎರಡನೆಯವರಿಗೆ. ಎಷ್ಟು ಸೇದಿದಿರಿ ಅನ್ನುವುದಕ್ಕಿಂತ ಎಷ್ಟು ವರ್ಷ ಸೇದಿದಿರಿ ಅನ್ನುವುದರ ತೂಕ ಹೆಚ್ಚು. "ಕಡಿಮೆ ಮಾಡಿದ್ದೀನಿ, ಈಗ ದಿನಕ್ಕೆ ಆರೇ" ಎನ್ನುತ್ತಾ ವರ್ಷ ಎಳೆಯುವುದು ಅಷ್ಟೇನೂ ಕೆಲಸಕ್ಕೆ ಬರುವುದಿಲ್ಲ ಅನ್ನುವುದು ಅದಕ್ಕೇ. 'ಲೈಟ್' ಸಿಗರೇಟಿನ ಕಥೆಯೂ ಅಷ್ಟೇ. ಅದರ ಫಿಲ್ಟರಿನ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತವೆ. ಅಳೆಯುವ ಯಂತ್ರದಲ್ಲಿಟ್ಟಾಗ ಆ ತೂತುಗಳಿಂದ ಗಾಳಿ ಬೆರೆತು ಟಾರ್, ಅಂದರೆ ಹೊಗೆಯಲ್ಲಿರುವ ಕಪ್ಪು ಜಿಡ್ಡು, ಕಡಿಮೆ ಕಾಣಿಸುತ್ತದೆ. ಮನುಷ್ಯ ಸೇದುವಾಗ ಬೆರಳು, ತುಟಿ ಆ ತೂತುಗಳನ್ನು ಮುಚ್ಚುತ್ತವೆ. ನಿಕೋಟಿನ್ ಸಾಲದೆ ಇನ್ನೂ ಆಳವಾಗಿ ಎಳೆಯುತ್ತಾನೆ. ಹೊಗೆ ಶ್ವಾಸಕೋಶದ ಅಂಚಿನವರೆಗೂ ಹೋಗುತ್ತದೆ.

ಸಿಗರೇಟಿಗೂ ಕ್ಯಾನ್ಸರಿಗೂ ಸಂಬಂಧ ಇದೆ ಅನ್ನುವುದು ಇವತ್ತು ಮಕ್ಕಳಿಗೂ ಗೊತ್ತು. 1950ರಲ್ಲಿ ವೈದ್ಯರಿಗೇ ಗೊತ್ತಿರಲಿಲ್ಲ. ಬ್ರಿಟನ್ನಿನ ಸಂಶೋಧಕರಾದ ರಿಚರ್ಡ್ ಡಾಲ್ ಮತ್ತು ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಆಸ್ಪತ್ರೆಗಳ ರೋಗಿಗಳನ್ನು ಒಬ್ಬೊಬ್ಬರನ್ನೇ ವಿಚಾರಿಸಿದರು. ಶ್ವಾಸಕೋಶದ ಕ್ಯಾನ್ಸರ್ ಇದ್ದ 649 ಗಂಡಸರಲ್ಲಿ ಸಿಗರೇಟು ಸೇದದವರು ಇಬ್ಬರೇ ಸಿಕ್ಕರು. ಬೇರೆ ಕಾಯಿಲೆಯ ಅಷ್ಟೇ ಗಂಡಸರಲ್ಲಿ 27 ಜನ. ಡಾಲ್‌ಗೆ ಮೊದಲು ಅನುಮಾನ ಇದ್ದದ್ದು ರಸ್ತೆಗೆ ಹಾಕುವ ಡಾಂಬರಿನ ಮೇಲೆ. ಲೆಕ್ಕ ಕೈಗೆ ಬರುತ್ತಿದ್ದ ಹಾಗೆ, ಅಧ್ಯಯನ ಮುಗಿಯುವ ಮೊದಲೇ ಅವರು ತಮ್ಮ ಸಿಗರೇಟು ಬಿಟ್ಟರು. ಇದು ನನಗೆ ಬಹಳ ಇಷ್ಟವಾದ ಸಂಗತಿ.

2. ಬಿಡುವುದು ಹೇಗೆ

ಸೇದದವರು ಮುಂದಿನ ಭಾಗಕ್ಕೆ ಹೋಗಬಹುದು. ಅಥವಾ ಓದಿ, ಮನೆಯಲ್ಲಿ ಯಾರಿಗಾದರೂ ಬೇಕಾಗುತ್ತದೆ.

ಮೊದಲು ಒಂದು ದಿನ ಗೊತ್ತುಮಾಡಿ. ಎರಡು ವಾರದ ಒಳಗೆ ಇರಲಿ. ಹುಟ್ಟುಹಬ್ಬ, ಹೊಸ ವರ್ಷ ಎಂದು ಕಾಯಬೇಡಿ. ಹಿಂದಿನ ರಾತ್ರಿ ಲೈಟರು, ಬೂದಿಬಟ್ಟಲು, ಬ್ಯಾಗಿನ ಮೂಲೆಯ ಒಂಟಿ ಸಿಗರೇಟು ಎಲ್ಲಾ ಮನೆಯಿಂದ ಹೊರಗೆ ಹೋಗಲಿ.

ಮೊದಲ ಮೂರು ದಿನ ಕಷ್ಟ. ಸಿಟ್ಟು, ತಳಮಳ, ನಿದ್ದೆ ಕೆಡುವುದು ಎಲ್ಲಾ ಆಗ ಜೋರಾಗಿರುತ್ತದೆ. ಆಮೇಲೆ ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತಾ ಹೋಗುತ್ತದೆ. ಸೇದಲೇಬೇಕು ಅನ್ನಿಸುವ ತುಡಿತ ಒಂದೊಂದು ಸಲವೂ ಕೆಲವೇ ನಿಮಿಷ ಇರುತ್ತದೆ. ಗಡಿಯಾರ ನೋಡಿಕೊಂಡು ಐದು ನಿಮಿಷ ತಳ್ಳಿ. ನೀರು ಕುಡಿಯಿರಿ, ಯಾರಿಗಾದರೂ ಫೋನ್ ಮಾಡಿ, ಮೆಟ್ಟಿಲು ಇಳಿದು ಹತ್ತಿ. ಗೆದ್ದೆ ಅಂತ ಅಲ್ಲ, ಆ ಐದು ನಿಮಿಷ ಕಳೆಯಿತು ಅಂತ ಅಷ್ಟೇ.

ಬರೀ ಮನೋಬಲದಿಂದ ಬಿಡುತ್ತೇನೆ ಎಂದು ಹಠ ಮಾಡಬೇಡಿ. ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿ ಸಿಗುತ್ತವೆ. ವರೆನಿಕ್ಲಿನ್, ಬ್ಯೂಪ್ರೋಪಿಯಾನ್ ಎಂಬ ಮಾತ್ರೆಗಳನ್ನು ವೈದ್ಯರು ಬರೆದುಕೊಡುತ್ತಾರೆ. ಇವನ್ನು ಬಳಸಿದವರು ಬಿಟ್ಟು ನಿಲ್ಲುವ ಸಾಧ್ಯತೆ ಜಾಸ್ತಿ. ಬಸುರಿಯರು, ಹೃದಯದ ತೊಂದರೆ ಇರುವವರು, ಬೇರೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

ಗಮ್ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮೊದಲ ಗಮ್ಮನ್ನು ಬಬಲ್‌ಗಮ್ ಥರ ಕಚಕಚ ಜಗಿದೆ. ಎರಡು ನಿಮಿಷಕ್ಕೆ ಗಂಟಲು ಉರಿ, ಬಿಕ್ಕಳಿಕೆ, ಹೊಟ್ಟೆ ತೊಳಸು. ಉಗಿದು ಪ್ಯಾಕೆಟ್ ಎಸೆದೆ. "ಇದೆಲ್ಲಾ ಸುಮ್ನೆ" ಎಂದು ಇನ್ನೊಂದು ವರ್ಷ ಸೇದಿದೆ. ಗಮ್ ಕೆಲಸ ಮಾಡುವುದು ಹೊಟ್ಟೆಯಲ್ಲಲ್ಲ, ಕೆನ್ನೆಯ ಒಳಮೈಯಲ್ಲಿ. ನಿಧಾನವಾಗಿ ಜಗಿಯಿರಿ. ಮೆಣಸು ಕಡಿದ ಹಾಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ, ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಿ. ಚುರುಗು ಹೋದ ಮೇಲೆ ಮತ್ತೆ ಎರಡು ಸಲ ಜಗಿದು, ಈ ಸಲ ಬೇರೆ ಜಾಗದಲ್ಲಿ ಇಡಿ. ಹೀಗೆ ಅರ್ಧ ಗಂಟೆ. ಅದಕ್ಕೆ 15 ನಿಮಿಷ ಮೊದಲಿನಿಂದ ಕಾಫಿ, ಹುಳಿ ಹಣ್ಣಿನ ರಸ ಬೇಡ, ಹುಳಿ ಇದ್ದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಎದ್ದ ಅರ್ಧ ಗಂಟೆಯ ಒಳಗೆ ಮೊದಲ ಸಿಗರೇಟು ಹಚ್ಚುತ್ತಿದ್ದವರಿಗೆ 4 ಮಿಲಿಗ್ರಾಂನದ್ದು, ಉಳಿದವರಿಗೆ 2 ಮಿಲಿಗ್ರಾಂನದ್ದು.

ಕಾಫಿ ಬಗ್ಗೆ ಇನ್ನೊಂದು ಮಾತು. ತಂಬಾಕಿನ ಹೊಗೆ ದೇಹದಲ್ಲಿ ಕೆಫೀನ್ ಬೇಗ ಕರಗುವಂತೆ ಮಾಡುತ್ತದೆ. ಸಿಗರೇಟು ಬಿಟ್ಟ ಮೇಲೆ ಅದೇ ಎರಡು ಲೋಟ ಕಾಫಿ ನಾಲ್ಕು ಲೋಟದ ಕೆಲಸ ಮಾಡಬಹುದು. ಕೈ ನಡುಕ, ಎದೆ ಡವಡವ, ನಿದ್ದೆ ಇಲ್ಲ. ಅದನ್ನು ಸಿಗರೇಟು ಬಿಟ್ಟದ್ದರ ತೊಂದರೆ ಎಂದುಕೊಂಡು ಮತ್ತೆ ಹಚ್ಚುವವರಿದ್ದಾರೆ. ಮೊದಲ ವಾರ ಕಾಫಿ ಅರ್ಧಕ್ಕೆ ಇಳಿಸಿ. ಕೆಮ್ಮೂ ಸ್ವಲ್ಪ ದಿನ ಜಾಸ್ತಿ ಆಗಬಹುದು. ಉಸಿರಿನ ಕೊಳವೆಗಳನ್ನು ಗುಡಿಸುವ ಸೂಕ್ಷ್ಮ ರೋಮಗಳು ಮತ್ತೆ ಕೆಲಸಕ್ಕೆ ಇಳಿದಿವೆ ಎಂದುಕೊಳ್ಳಿ.

ಒಂದು ಸಲ ಜಾರಿದರೆ ಎಲ್ಲಾ ಮುಗಿಯಿತು ಅನ್ನಬೇಡಿ. ಬಿಟ್ಟವರಲ್ಲಿ ಹೆಚ್ಚಿನವರು ಹಲವು ಸಲ ಬಿಟ್ಟವರೇ. ವಯಸ್ಸಾಯಿತು, ಇನ್ನೇನು ಪ್ರಯೋಜನ ಅನ್ನುವವರಿಗೆ ಡಾಲ್ ತಂಡದವರೇ ಉತ್ತರ ಕೊಟ್ಟಿದ್ದಾರೆ. ಅವರು ಬ್ರಿಟನ್ನಿನ ವೈದ್ಯರನ್ನು 50 ವರ್ಷ ಹಿಂಬಾಲಿಸಿ 2004ರಲ್ಲಿ ಲೆಕ್ಕ ಕೊಟ್ಟರು: 60ರಲ್ಲಿ ಬಿಟ್ಟರೆ ಸುಮಾರು 3 ವರ್ಷ ಆಯಸ್ಸು ಉಳಿಯುತ್ತದೆ, 50ರಲ್ಲಿ 6, 40ರಲ್ಲಿ 9, 30ರಲ್ಲಿ 10. ಬಿಟ್ಟು 10 ವರ್ಷ ಆದಾಗ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ, ಸೇದುತ್ತಲೇ ಇರುವವರ ಹೋಲಿಕೆಯಲ್ಲಿ ಅರ್ಧಕ್ಕೆ ಇಳಿದಿರುತ್ತದೆ.

3. ಮನೆಯೊಳಗಿನ ಗಾಳಿ

ಸೇದದವರಿಗೂ ಈ ಕ್ಯಾನ್ಸರ್ ಬರುತ್ತದೆ. ಅದು ಅಪರೂಪವೇನೂ ಅಲ್ಲ. ಮನೆಯಲ್ಲಿ ಬೇರೆಯವರು ಸೇದುವ ಹೊಗೆಯಿಂದ ಸೇದದವರಿಗೆ ಅಪಾಯ 100ಕ್ಕೆ 20ರಿಂದ 30ರಷ್ಟು ಏರುತ್ತದೆ. ಜಪಾನಿನ ತಕೇಶಿ ಹಿರಯಾಮ 1981ರಲ್ಲಿ ಇದನ್ನು ಹೇಳಿದಾಗ ದೊಡ್ಡ ಗದ್ದಲವೇ ಆಯಿತು. ಸಿಗರೇಟು ಮುಟ್ಟದ, ಆದರೆ ಗಂಡ ಸೇದುತ್ತಿದ್ದ ಹೆಂಗಸರಲ್ಲಿ ಈ ಕ್ಯಾನ್ಸರ್ ಜಾಸ್ತಿ ಕಂಡಿತ್ತು. ಕಿಟಕಿ ತೆರೆದು ಸೇದುವುದು, ಫ್ಯಾನ್ ಹಾಕಿ ಸೇದುವುದು, ಬಚ್ಚಲಲ್ಲಿ ಸೇದುವುದು ಯಾವುದೂ ಸಾಲುವುದಿಲ್ಲ. ನಿಯಮ ಒಂದೇ ಇರಲಿ: ಮನೆಯಲ್ಲಿ, ಕಾರಿನಲ್ಲಿ ಯಾರೂ ಸೇದಬಾರದು, ನೆಂಟರೂ ಸೇರಿ. ಬಾಯಿ ಬಿಟ್ಟು ಹೇಳಲು ಮುಜುಗರ ಆದರೆ ಬೂದಿಬಟ್ಟಲನ್ನೇ ಇಡಬೇಡಿ, ಅರ್ಧ ಕೆಲಸ ಆಗುತ್ತದೆ.

ಕಲ್ಲಿದ್ದಲು, ಸೌದೆ ಉರಿಸುವ ಒಲೆಯ ಹೊಗೆಯೂ ಲೆಕ್ಕಕ್ಕೆ ಬರುತ್ತದೆ. ಒಲೆ ಬದಲಿಸುವುದು ಒಳ್ಳೆಯದು. ಆಗದಿದ್ದರೆ ಹೊಗೆ ಹೊರಗೆ ಹೋಗುವ ದಾರಿ ಮಾಡಿ. ಎಣ್ಣೆ ಹೊಗೆಯಾಡುವಷ್ಟು ಕಾಯಿಸಬೇಡಿ.

ಕಣ್ಣಿಗೆ ಕಾಣದ ಇನ್ನೊಬ್ಬ ಕಳ್ಳ ಇದ್ದಾನೆ, ರೇಡಾನ್. ನೆಲದಲ್ಲಿ, ಬಂಡೆಯಲ್ಲಿ ಇರುವ ಯುರೇನಿಯಂ ಕ್ಷಯಿಸುತ್ತಾ ಹುಟ್ಟುವ ವಿಕಿರಣದ ಅನಿಲ ಅದು. ಬಣ್ಣ ಇಲ್ಲ, ವಾಸನೆ ಇಲ್ಲ. ನೆಲದ ಬಿರುಕಿನಿಂದ ಮನೆಯೊಳಗೆ ಬಂದು ಕೆಳಗಿನ ಕೋಣೆಗಳಲ್ಲಿ ತುಂಬಿಕೊಳ್ಳುತ್ತದೆ. 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಲಿಮರಿಕ್ ಅಣು ವಿದ್ಯುತ್ ಸ್ಥಾವರ ಕಟ್ಟುತ್ತಿದ್ದರು. ಅಲ್ಲಿನ ಎಂಜಿನಿಯರ್ ಸ್ಟ್ಯಾನ್ಲಿ ವಾಟ್ರಸ್ ದಿನವೂ ಮನೆಗೆ ಹೊರಡುವಾಗ ವಿಕಿರಣ ಪತ್ತೆ ಮಾಡುವ ಬಾಗಿಲು ಕೂಗಿಕೊಳ್ಳುತ್ತಿತ್ತು. ಒಂದು ದಿನ ಅವರು ಕೆಲಸಕ್ಕೆ ಬಂದವರೇ, ಒಳಗೆ ಎಲ್ಲೂ ಹೋಗದೆ ಆ ಬಾಗಿಲಲ್ಲಿ ನಡೆದರು. ಆಗಲೂ ಕೂಗಿತು. ವಿಕಿರಣ ಬರುತ್ತಿದ್ದದ್ದು ಸ್ಥಾವರದಿಂದಲ್ಲ, ಅವರ ಮನೆಯಿಂದ!

ಹಲವು ದೇಶಗಳಲ್ಲಿ ಸಿಗರೇಟಿನ ನಂತರ ಈ ಕ್ಯಾನ್ಸರಿಗೆ ದೊಡ್ಡ ಕಾರಣ ರೇಡಾನ್. ಅಳೆಯುವ ಸಣ್ಣ ಡಬ್ಬಿಗಳು ಸಿಗುತ್ತವೆ. ನೀವು ಜಾಸ್ತಿ ಹೊತ್ತು ಇರುವ, ನೆಲಕ್ಕೆ ಹತ್ತಿರದ ಕೋಣೆಯಲ್ಲಿ ಕೆಲವು ತಿಂಗಳು ಇಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಟ್ಟ ಒಂದು ಘನ ಮೀಟರ್ ಗಾಳಿಗೆ 100 ಬೆಕೆರೆಲ್ (ವಿಕಿರಣ ಅಳೆಯುವ ಮಾನ). ಅದಕ್ಕಿಂತ ಜಾಸ್ತಿ ಬಂದರೆ ನೆಲದ ಬಿರುಕು ಮುಚ್ಚಿಸಿ, ನೆಲದಡಿಯ ಗಾಳಿಯನ್ನು ಕೊಳವೆ ಮತ್ತು ಫ್ಯಾನಿನಿಂದ ಹೊರಗೆ ಹಾಕಿಸಬೇಕು. ಅಳೆಸುವ ಅನುಕೂಲ ಇಲ್ಲದವರು ಕೆಳಗಿನ ಕೋಣೆಗಳಲ್ಲಿ ಗಾಳಿ ಚೆನ್ನಾಗಿ ಆಡುವಂತೆ ನೋಡಿಕೊಳ್ಳಿ.

4. ಕೆಲಸದ ಜಾಗ, ರಸ್ತೆಯ ಹೊಗೆ

ಚೀಟಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಇದುವರೆಗೆ ಎಲ್ಲೆಲ್ಲಿ, ಎಷ್ಟು ವರ್ಷ, ಏನು ಕೆಲಸ. ಕಲ್ಲು ಕೊರೆಯುವುದು, ಕಲ್ಲು ಒಡೆಯುವುದು, ಗಣಿ, ವೆಲ್ಡಿಂಗ್, ಹಳೆಯ ಕಟ್ಟಡ ಕೆಡವುವುದು, ಡೀಸೆಲ್ ಹೊಗೆಯಲ್ಲಿ ನಿಲ್ಲುವುದು ಎಲ್ಲವೂ ಬೇಕು. ಕಲ್ನಾರಿನ (ಆಸ್ಬೆಸ್ಟಾಸ್) ಎಳೆ ಒಳಗೆ ಹೋದರೆ ಅದರ ಫಲ ಕಾಣಿಸುವುದು ಹತ್ತಿಪ್ಪತ್ತು ವರ್ಷ, ಕೆಲವೊಮ್ಮೆ ನಲವತ್ತು ವರ್ಷ ಕಳೆದ ಮೇಲೆ. ಕಲ್ನಾರಿನ ಜೊತೆ ಸಿಗರೇಟೂ ಸೇರಿದರೆ ಅಪಾಯ ಬರೀ ಕೂಡುವುದಿಲ್ಲ, ಗುಣಾಕಾರ ಆಗುತ್ತದೆ.

ದೂಳಿನ ಕೆಲಸದಲ್ಲಿ ಮೂಗಿಗೆ ಕರವಸ್ತ್ರ ಕಟ್ಟಿದರೆ ದೊಡ್ಡ ದೂಳು ನಿಲ್ಲುತ್ತದೆ. ಕೆಡುಕು ಮಾಡುವ ಸಣ್ಣ ದೂಳು ಸಲೀಸಾಗಿ ದಾಟುತ್ತದೆ. ಎನ್95 ಥರದ, ಮುಖಕ್ಕೆ ಸಂದಿಲ್ಲದೆ ಕೂರುವ ಮಾಸ್ಕ್ ಬೇಕು. ಕಲ್ಲು, ಕಾಂಕ್ರೀಟು ಕತ್ತರಿಸುವಾಗ ನೀರು ಬಿಡುತ್ತಾ ಕತ್ತರಿಸಿದರೆ ದೂಳು ಏಳುವುದೇ ಕಡಿಮೆ. ಕೆಲಸದ ಬಟ್ಟೆಯನ್ನು ಅಲ್ಲೇ ಬದಲಿಸಿ. ಆ ಬಟ್ಟೆ ಮನೆಯಲ್ಲಿ ಕೊಡವಿ ಒಗೆದವರಿಗೂ ಕಲ್ನಾರಿನ ಕಾಯಿಲೆ ಬಂದ ಉದಾಹರಣೆಗಳಿವೆ.

ಹೊರಗಿನ ಗಾಳಿಯನ್ನು ಒಬ್ಬರೇ ಸರಿಮಾಡಲು ಆಗುವುದಿಲ್ಲ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2012ರಲ್ಲಿ ಡೀಸೆಲ್ ಹೊಗೆಯನ್ನು, 2013ರಲ್ಲಿ ಹೊರಗಿನ ವಾಯುಮಾಲಿನ್ಯವನ್ನು ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿತು. ಗಾಳಿ ತುಂಬಾ ಕೆಟ್ಟ ದಿನ ರಸ್ತೆಬದಿಯಲ್ಲಿ ಓಡಬೇಡಿ, ಅಷ್ಟು ಮಾಡಬಹುದು.

5. ಮಾತ್ರೆ ನುಂಗಿ ತಪ್ಪಿಸಿಕೊಳ್ಳಬಹುದು ಅಂದುಕೊಳ್ಳಬೇಡಿ

ಶ್ವಾಸಕೋಶ 'ತೊಳೆಯುವ' ಪುಡಿ, ಕಷಾಯ, ವಿಟಮಿನ್ ಎಲ್ಲದರ ಜಾಹೀರಾತು ದಿನಾ ಬರುತ್ತದೆ. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ಒಂದು ಪರೀಕ್ಷೆ ನಡೆಯಿತು. ಬೀಟಾ ಕ್ಯಾರೊಟಿನ್ ಅಂದರೆ ಕ್ಯಾರೆಟ್ಟಿನಂಥ ತರಕಾರಿಯಲ್ಲಿರುವ, ದೇಹದಲ್ಲಿ ವಿಟಮಿನ್ ಎ ಆಗುವ ವಸ್ತು. ಅದರ ಮಾತ್ರೆ ಕ್ಯಾನ್ಸರ್ ತಡೆಯುತ್ತದೆ ಎಂದು ಎಲ್ಲರಿಗೂ ನಂಬಿಕೆ. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ತೆಗೆದುಕೊಂಡವರಲ್ಲೇ ಶ್ವಾಸಕೋಶದ ಕ್ಯಾನ್ಸರ್ 100ಕ್ಕೆ 18ರಷ್ಟು ಜಾಸ್ತಿ ಇತ್ತು. ತರಕಾರಿ, ಹಣ್ಣು ತಿನ್ನಿ. ಸೇದುವವರು ಬೀಟಾ ಕ್ಯಾರೊಟಿನ್ ಮಾತ್ರೆ ಮುಟ್ಟಬೇಡಿ.

6. ಯಾರು ಸ್ಕ್ಯಾನ್ ಮಾಡಿಸಬೇಕು

ಈಗ ಚೀಟಿ ನೋಡಿ. ವಯಸ್ಸು 50 ದಾಟಿದೆ, 20 ಪ್ಯಾಕ್-ವರ್ಷ ಅಥವಾ ಜಾಸ್ತಿ ಇದೆ, ಈಗಲೂ ಸೇದುತ್ತೀರಿ ಅಥವಾ ಬಿಟ್ಟು 15 ವರ್ಷ ಆಗಿಲ್ಲ. ಇಷ್ಟೂ ಹೌದಾದರೆ, ಕೆಮ್ಮು ಇರಲಿ ಬಿಡಲಿ, ವರ್ಷಕ್ಕೊಮ್ಮೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಬಗ್ಗೆ ವೈದ್ಯರ ಜೊತೆ ಮಾತಾಡಿ. ಇದು ಅಮೆರಿಕದ ತಜ್ಞರ ಸಮಿತಿ 2021ರಲ್ಲಿ 50ರಿಂದ 80 ವರ್ಷದವರಿಗೆ ಹೇಳಿದ ಅಳತೆ. ಬೇರೆ ದೇಶಗಳಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ.

"ಎಕ್ಸ್‌ರೇ ತೆಗೆಸಿದೀನಿ, ಕ್ಲಿಯರ್ ಇದೆ" ಅನ್ನುವವರು ಬಹಳ. ಎದೆಯ ಎಕ್ಸ್‌ರೇಯಲ್ಲಿ ಹೃದಯದ ಹಿಂದೆ, ಪಕ್ಕೆಲುಬಿನ ಮರೆಯಲ್ಲಿ ಸಣ್ಣ ಗಂಟು ಅಡಗಿರಬಹುದು. 53,454 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲ 2011ರಲ್ಲಿ ಬಂತು. ಎಕ್ಸ್‌ರೇ ಗುಂಪಿನ ಹೋಲಿಕೆಯಲ್ಲಿ ಸಿಟಿ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು 100ಕ್ಕೆ 20ರಷ್ಟು ಕಡಿಮೆ ಇತ್ತು. ಅದೇ ಪರೀಕ್ಷೆ ಇನ್ನೊಂದನ್ನೂ ಹೇಳಿತು: ಸ್ಕ್ಯಾನಿನಲ್ಲಿ ಅನುಮಾನದ ಗಂಟು ಕಂಡ ಪ್ರತಿ 100 ವರದಿಗಳಲ್ಲಿ ಸುಮಾರು 96 ಕ್ಯಾನ್ಸರ್ ಆಗಿರಲಿಲ್ಲ. ಹಳೆಯ ಸೋಂಕಿನ ಕಲೆಯೂ ಗಂಟಿನ ಹಾಗೇ ಕಾಣುತ್ತದೆ. ವರದಿಯಲ್ಲಿ 'ಗಂಟು' ಎಂದು ಓದಿ ರಾತ್ರಿಯೆಲ್ಲಾ ಅಳಬೇಡಿ. ಮೂರೋ ಆರೋ ತಿಂಗಳಿಗೆ ಮತ್ತೆ ಬನ್ನಿ ಎಂದರೆ ಮರೆಯಬೇಡಿ. ಅಪಾಯ ಕಡಿಮೆ ಇರುವವರು ಸುಮ್ನೆ ಸಮಾಧಾನಕ್ಕೆ ಸ್ಕ್ಯಾನ್ ಮಾಡಿಸುವುದೂ ಬೇಡ. ಇಲ್ಲದ ಗಾಬರಿ, ಬೇಡದ ಸೂಜಿ ಅಷ್ಟೇ ಸಿಗುತ್ತದೆ.

7. ಯಾವಾಗ ತಡ ಮಾಡಬಾರದು

ಮೂರು ವಾರ ದಾಟಿದ ಕೆಮ್ಮು. ಇಲ್ಲವೇ ಎಷ್ಟೋ ವರ್ಷದಿಂದ ಇದ್ದ ಕೆಮ್ಮಿನ ಧಾಟಿಯೇ ಬದಲಾದದ್ದು. ಸೇದುವವರು ಇದನ್ನೇ ಕಡೆಗಣಿಸುವುದು, "ಅದು ಯಾವಾಗ್ಲೂ ಇದ್ದದ್ದೇ ಅಲ್ವಾ" ಎಂದು. ಕಫದಲ್ಲಿ ಒಂದು ಎಳೆ ರಕ್ತ ಕಂಡರೂ ಅದೇ ವಾರ ವೈದ್ಯರ ಹತ್ತಿರ ಹೋಗಿ. ಕಾರಣವಿಲ್ಲದೆ ತೂಕ ಇಳಿಯುವುದು, ಒಂದೇ ಜಾಗದಲ್ಲಿ ಮತ್ತೆ ಮತ್ತೆ ನ್ಯುಮೋನಿಯಾ, ಹೊಸದಾಗಿ ಬಂದ ದಮ್ಮು ಕೂಡ ಹಾಗೇ. ದನಿ ಒಡೆದು ವಾರಗಟ್ಟಲೆ ಸರಿಹೋಗದಿದ್ದರೂ ಎದೆಯ ಕಡೆ ನೋಡಬೇಕು. ದನಿಪೆಟ್ಟಿಗೆಯ ಎಡಗಡೆಯ ನರ ಎದೆಯೊಳಗೆ ಇಳಿದು ಸುತ್ತಿ ಮೇಲೆ ಬರುತ್ತದೆ, ಅಲ್ಲಿ ಗಡ್ಡೆ ಒತ್ತಿದರೆ ದನಿ ಹೋಗುತ್ತದೆ. ಶ್ವಾಸಕೋಶದ ತುದಿಯ ಗಡ್ಡೆ ಹೆಗಲು, ತೋಳಿನ ನೋವಾಗಿ ಬರುತ್ತದೆ. ಜನ ತಿಂಗಳುಗಟ್ಟಲೆ ಮುಲಾಮು ಹಚ್ಚುತ್ತಾರೆ. ಮುಖ, ಕುತ್ತಿಗೆ ಊದಿಕೊಂಡರೆ ಅದೇ ದಿನ ಆಸ್ಪತ್ರೆಗೆ.

ಒಂದು ಸಣ್ಣ ಪರೀಕ್ಷೆ ಈಗಲೇ ಮಾಡಿ. ಎರಡೂ ತೋರುಬೆರಳುಗಳ ಉಗುರುಗಳನ್ನು ಎದುರುಬದುರು ಒತ್ತಿ ಹಿಡಿಯಿರಿ. ಉಗುರಿನ ಬುಡದ ಹತ್ತಿರ ವಜ್ರದ ಆಕಾರದ ಪುಟ್ಟ ಕಿಂಡಿ ಕಾಣಬೇಕು. ಕಿಂಡಿ ಮುಚ್ಚಿಹೋಗಿ, ಬೆರಳ ತುದಿ ಗುಂಡಗೆ ಊದಿದ್ದರೆ ತೋರಿಸಿ. ಕ್ಯಾನ್ಸರೇ ಆಗಬೇಕೆಂದಿಲ್ಲ, ಹೃದಯ, ಶ್ವಾಸಕೋಶದ ಬೇರೆ ಕಾಯಿಲೆಯಲ್ಲೂ ಹೀಗಾಗುತ್ತದೆ. ಕಿಂಡಿ ಇದೆ ಅಂದಮಾತ್ರಕ್ಕೆ ಎಲ್ಲಾ ಸರಿ ಇದೆ ಎಂದೂ ಅಲ್ಲ.

8. ವೈದ್ಯರ ಮುಂದೆ

ಚೀಟಿ ಜೊತೆಗೆ ಹಳೆಯ ಎಕ್ಸ್‌ರೇ, ಸ್ಕ್ಯಾನ್ ಎಲ್ಲಾ ಒಯ್ಯಿರಿ. ಕಪಾಟಿನಲ್ಲಿ ಸುರುಳಿ ಸುತ್ತಿಕೊಂಡು ಬಿದ್ದ ಹಳೆಯ ಫಿಲ್ಮಿಗೆ ಇಲ್ಲಿ ಭಾರೀ ಬೆಲೆ. ಹಳೆಯ ಸ್ಕ್ಯಾನಿನಲ್ಲಿ ಇದ್ದ ಗಟ್ಟಿ ಗಂಟು ಎರಡು ವರ್ಷ ಕಳೆದರೂ ಬೆಳೆಯದೆ ಹಾಗೇ ಇದ್ದರೆ ಸಾಮಾನ್ಯವಾಗಿ ಅದು ಕ್ಯಾನ್ಸರ್ ಅಲ್ಲ ಎಂದು ಬಿಡುತ್ತಾರೆ.

ಕೆಮ್ಮು, ರಕ್ತ, ತೂಕ ಇಳಿತ ಎಲ್ಲಾ ಕ್ಷಯದಲ್ಲೂ ಇರುತ್ತದೆ. ಎಕ್ಸ್‌ರೇ ಒಂದನ್ನೇ ನೋಡಿ ಕ್ಷಯದ ಮಾತ್ರೆ ಶುರು ಮಾಡಿದರೆ ಕಫ ಪರೀಕ್ಷೆ ಆಯಿತೇ ಎಂದು ಕೇಳಿ. ಒಂದೆರಡು ತಿಂಗಳ ಮಾತ್ರೆಗೂ ಜಗ್ಗದಿದ್ದರೆ ಮತ್ತೆ ಹುಡುಕಬೇಕು. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಕೊನೆಗೆ ಹೇಳುವುದು ಗಡ್ಡೆಯ ಚೂರು ತೆಗೆದು ಮಾಡುವ ಬಯಾಪ್ಸಿ. ಸೂಜಿ ಚುಚ್ಚಿದರೆ ಹರಡುತ್ತದೆ ಎಂಬ ಭಯಕ್ಕೆ ತಿಂಗಳು ಕಳೆಯುವವರನ್ನು ನೋಡಿದ್ದೇನೆ. ಸೂಜಿಯಿಂದ ಹಾಗಾಗುವುದು ತೀರಾ ಅಪರೂಪ. ಕಾದಷ್ಟೂ ಗಡ್ಡೆ ಬೆಳೆಯುವುದು ಮಾತ್ರ ಖಂಡಿತ.

ಚೂರು ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿಡಿ: "ಜೀನ್ ಪರೀಕ್ಷೆಗೂ ಸಾಕಾಗುವಷ್ಟು ತೆಗೀತೀರಾ ಡಾಕ್ಟ್ರೇ?" ಕೆಲವು ಗಡ್ಡೆಗಳಲ್ಲಿ, ಅದರಲ್ಲೂ ಸೇದದವರ ಗಡ್ಡೆಗಳಲ್ಲಿ, ಇಜಿಎಫ್‌ಆರ್, ಎಎಲ್‌ಕೆ ಎಂಬ ಜೀನುಗಳು ಬದಲಾಗಿರುತ್ತವೆ. ಅಂಥವರಿಗೆ ಅದಕ್ಕೇ ಮಾಡಿದ ಮಾತ್ರೆಗಳಿವೆ. ತೆಗೆದ ಚೂರು ಸಾಲದಿದ್ದರೆ ಮತ್ತೊಮ್ಮೆ ಸೂಜಿ, ಮತ್ತೆರಡು ವಾರ ಕಾಯುವುದು.